ಹನ್ನೆರಡನೆಯ ಹೆಜ್ಜೆ

ವುಚ್ ಊರಿನ ಹಳೆಯ ನೂಲಿನ ಗಿರಣಿಯ ಹಿಂದೆ
ನಮ್ಮ ಧ್ವನಿಕೋಣೆ. ಕಿಟಕಿಯಿಲ್ಲ.
ಟ್ರಾಮು ಹೋದಾಗಲೆಲ್ಲ ಕೈಯೆತ್ತಿ
ಎಲ್ಲರನ್ನೂ ನಿಲ್ಲಿಸುವುದು ನನ್ನ ಕೆಲಸ.
ಉಳಿದ ಹೊತ್ತು ಮೈಕು ಹಿಡಿಯುತ್ತೇನೆ.

ಆವತ್ತು ಬೊಗುಮೀವಾ ಬಂದರು.
ಎಂಬತ್ತೆರಡರ ಮೊಣಕಾಲು, ಕೈಚೀಲದಲ್ಲಿ
ಎರಡು ಕಿಲೋ ಆಲೂಗಡ್ಡೆ ಹಿಟ್ಟು.
"ಹಿಮ ತಂದಿದ್ದೇನೆ" ಎಂದರು.
ಚರ್ಮದ ಸಂಚಿಗೆ ಸುರಿದು, ಬಾಯಿ ಬಿಗಿದು ತುಳಿದರೆ
ಕರ್ರ್, ಕರ್ರ್,
ನಿಜದ ಹಿಮಕ್ಕಿಂತ ನಿಜ.

ಆ ಕಪ್ಪುಬಿಳುಪು ಚಿತ್ರ ನೋಡದವರು ನಮ್ಮಲ್ಲಿಲ್ಲ.
ಕೊನೆಗೆ, ರೈಲು ಹೋಗಿಯಾಗಿದೆ.
ಹೆಂಗಸು ಪ್ಲಾಟ್‌ಫಾರ್ಮಿನ ತುದಿಗೆ ಹನ್ನೊಂದು ಹೆಜ್ಜೆ ನಡೆದು
ನಿಲ್ಲುತ್ತಾಳೆ.
ನಿಂತ ಮೇಲೆ ಕೇಳಿಸುತ್ತದೆ, ಹನ್ನೆರಡನೆಯದು.

ಆ ಒಂದು ಹೆಜ್ಜೆಗೆ ಎಷ್ಟು ಶಾಯಿ ಖರ್ಚಾಗಿದೆ!
ಸತ್ತ ಗಂಡನದು ಎಂದರು ಕೆಲವರು.
ಮೈ ನಿಂತರೂ ನಿಲ್ಲದ ಮನಸ್ಸಿನದು ಎಂದರು ನಮ್ಮ ಮೇಷ್ಟರು,
ಹಾಗೇ ಬರೆದು ಪಾಸಾದವನು ನಾನು.
ಗಡಿ ದಾಟಲಾಗದ ಇಡೀ ದೇಶದ್ದು ಎಂದು
ಒಬ್ಬ ಪಾದ್ರಿ ಪ್ರವಚನದಲ್ಲೇ ಹೇಳಿದ್ದನಂತೆ.

ಈಗ ಅದೇ ಚಿತ್ರ ಇನ್ನೊಮ್ಮೆ, ಬಣ್ಣದಲ್ಲಿ.
ನಿರ್ದೇಶಕ ಗ್ನೆವೋಶ್ ಕೆಟ್ಟವನಲ್ಲ,
ಹಳೆಯದನ್ನು ಚೌಕಟ್ಟು ಚೌಕಟ್ಟಾಗಿ ಬಾಯಿಪಾಠ ಮಾಡಿದ ಭಕ್ತ.
ಟ್ರಾಮಿನಲ್ಲಿ, ಬ್ರೆಡ್ಡಿನ ಸಾಲಿನಲ್ಲಿ ಜನ ಬೈದರು:
ಇಗರ್ಜಿಯ ಮಾತೆಗೂ ಹೊಸ ಮೂಗು ಕೂರಿಸುತ್ತೀರಾ?
ನನಗೆ ಎರಡು ತಿಂಗಳ ಬಾಡಿಗೆ ಬಾಕಿ.
ಸತ್ತೆಮ್ಮೆಗೆ ಸೇರು ಹಾಲು ಹೆಚ್ಚು, ಇರಲಿ,
ಬದುಕಿದ್ದನ್ನೂ ಯಾರಾದರೂ ಕರೆಯಬೇಕಲ್ಲ.

ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ:
"ಉಳಿದದ್ದೆಲ್ಲ ಹೊಸದು ಮಾಡುತ್ತೇನೆ,
ಹನ್ನೆರಡನೆಯದು ಮಾತ್ರ ನಿಮ್ಮದೇ ಬೇಕು."

ಬೊಗುಮೀವಾ ಬೂಟು ಬಿಚ್ಚಿ, ಕಾಲುಚೀಲ ಎಳೆದುಕೊಂಡು,
"ಅದು ನನ್ನ ಅಕ್ಕನ ಬೂಟು, ಮಗು.
ಒಂದು ಅಳತೆ ದೊಡ್ಡದು, ಪೇಪರು ತುರುಕಿದ್ದೆ.
ನಿಂತೆ. ಹಿಮ್ಮಡಿ ಜಾರಿತು.
ಟೇಪು ಮುಗಿದಿತ್ತು. ಇನ್ನೊಂದು ಸಲ ಎನ್ನುವ ಧೈರ್ಯ ಯಾರಿಗೆ?
ಹಸಿವಾಗಿತ್ತು. ಮನೆಗೆ ಹೋದೆವು."

ಟ್ರಾಮು ಹೋಯಿತು. ನಾನು ಕೈಯೆತ್ತಲು ಮರೆತೆ.
ಎಷ್ಟೋ ಹೊತ್ತಿನ ಮೇಲೆ ಗ್ನೆವೋಶ್, ಮೆಲ್ಲಗೆ:
"ಆದರೂ ಅದೇ ಬೇಕು."

ಒಂದು ಅಳತೆ ದೊಡ್ಡ ಬೂಟು ತರಿಸಿದೆವು.
ಪೇಪರು ತುರುಕಿದೆವು, ಮೊದಲು ಇವತ್ತಿನದು,
ಆಮೇಲೆ ಹಳೆ ಸಾಮಾನಿನ ಸಂತೆಯಲ್ಲಿ ಹುಡುಕಿ ಆ ವರ್ಷದ್ದೇ.
ಹನ್ನೊಂದು ಹೆಜ್ಜೆ, ನಿಲ್ಲು, ಜಾರು.
ಹತ್ತೊಂಬತ್ತು ಸಲ.
ಪ್ರತಿ ಸಲವೂ ಗೊತ್ತಾಗುತ್ತಿತ್ತು, ಜಾರಲೆಂದೇ ಜಾರಿದ್ದು.
ಬೇಕೆಂದು ಎಡವುವ ಕಾಲು
ನೆಲದ ಹತ್ತಿರ ಮೊದಲೇ ಮಾತಾಡಿಟ್ಟಿರುತ್ತದೆ.

ಇಪ್ಪತ್ತನೆಯದಕ್ಕೆ ಮೊಣಕಾಲು ಒಲ್ಲೆನೆಂದಿತು.
ಚಹಾ ಬಂತು, ಗಸಗಸೆಯ ಸುರುಳಿ ಬಂತು.
ಹೊಸ ನಾಯಕಿ ನವೋಯ್ಕಾ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದಳು.
"ಅವಳು ನಡೆಯಲಿ" ಎಂದರು ಬೊಗುಮೀವಾ, ಹಲ್ಲೆಲ್ಲ ಗಸಗಸೆ.
"ಮತ್ತೆ ಮಾಡಿ, ಬೇಡವೆನ್ನಲು ನಾನ್ಯಾರು, ನನ್ನ ಹಿಮವೇ ಹಿಟ್ಟಿನದು.
ನನ್ನ ತಪ್ಪನ್ನು ಮಾತ್ರ ಅವಳ ಕಾಲಿಗೆ ತೊಡಿಸಬೇಡಿ.
ಅವಳಿಗೂ ಒಬ್ಬ ಅಕ್ಕ ಇದ್ದಾಳು."
"ನನಗೆ ಅಕ್ಕ ಇಲ್ಲ" ಎಂದಳು ಹುಡುಗಿ.
"ಹಾಗಾದರೆ ನಿನ್ನ ಬೂಟಿನಲ್ಲೇ ನಡಿ."

ನಡೆದಳು. ಏಕೋ, ಒಂಬತ್ತಕ್ಕೇ ನಿಂತಳು.
ಇನ್ನೆರಡು ಎಂದು ಬೆರಳೆತ್ತಿದ ಗ್ನೆವೋಶ್.
ಮುದುಕಿ ಆ ಬೆರಳು ಹಿಡಿದು ಕೆಳಗಿಳಿಸಿದರು.
ತುಳಿಯದೆ ಉಳಿದ ಒಂದು ಕಿಲೋ ಕಟ್ಟಿಕೊಂಡು ಹೊರಟರು,
ಸಾರು ಮಂದವಾಗಲು ಬೇಕಂತೆ.

ಹೊಸ ಚಿತ್ರ ಎರಡು ವಾರ ಓಡಿತು.
ಒಂಬತ್ತನೆಯ ಹೆಜ್ಜೆಯ ಮೇಲೆ ಯಾರೂ ಏನೂ ಬರೆಯಲಿಲ್ಲ,
ಇನ್ನೂ ಅರವತ್ತು ವರ್ಷ ಆಗಿಲ್ಲವಲ್ಲ.
ಹಳೆಯದು ಪ್ರತಿ ಕ್ರಿಸ್‌ಮಸ್ಸಿಗೆ ಟೀವಿಯಲ್ಲಿ ಬರುತ್ತದೆ.
ಹನ್ನೆರಡನೆಯದಕ್ಕೆ ನನ್ನ ಅತ್ತೆ ಈಗಲೂ
ಹಣೆ, ಎದೆ, ಭುಜ ಮುಟ್ಟಿಕೊಳ್ಳುತ್ತಾರೆ.
ನಾನು ಬೂಟಿನ ವಿಷಯ ಹೇಳಿಲ್ಲ.